ಗೋಡೆಯ ಮೇಲೆ ಹಂಚಿಹೋದ ಮಗ

“ಗುರುಗಳೇ, ಮನುಷ್ಯನ ಮೈಯನ್ನು ಎಲ್ಲಿಯವರೆಗೆ ತಿಳಿದುಕೊಂಡರೆ ಅವನ ಚಿತ್ರ ಬರೆಯಬಹುದು?”

ಕೇಳಿದವನು ಸೋಮಾಚಾರಿ. ಗುರುಗಳ ಬಳಿ ಚಿತ್ರವಿದ್ಯೆ ಕಲಿಯುತ್ತಿದ್ದ ಶಿಷ್ಯ. ಅಳತೆಯ ಶಾಸ್ತ್ರ ಮುಗಿಸಿದ್ದ. ಅದು ಸಾಲದೆಂದು ವೈದ್ಯರು ಓದುವ ಪುಸ್ತಕ ತಂದು ಮೂಳೆ, ಕೀಲು, ಸ್ನಾಯು ಎಲ್ಲವನ್ನೂ ಬಾಯಿಪಾಠ ಮಾಡಿದ್ದ. ಆ ಬೆಳಿಗ್ಗೆ ನಿಂತಿರುವ ಮನುಷ್ಯನೊಬ್ಬನ ಚಿತ್ರ ಬರೆದು ತಂದು ಗುರುಗಳ ಮುಂದೆ ಇಟ್ಟಿದ್ದ.

ಗುರುಗಳು ಅದನ್ನು ಹತ್ತಿರ ಹಿಡಿದು ನೋಡಿದರು. ದೂರ ಹಿಡಿದು ನೋಡಿದರು.

“ತಪ್ಪು ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ” ಎಂದರು.

ಸೋಮಾಚಾರಿಗೆ ಒಳಗೊಳಗೇ ಖುಷಿಯಾಯಿತು.

“ಹಿಗ್ಗಬೇಡ. ನನಗೆ ಇದನ್ನು ನೋಡಿ ಹೆದರಿಕೆಯಾಗುತ್ತಿದೆ. ಯಾಕೆ ಅಂತ ಹೇಳುತ್ತೇನೆ, ಕೂತುಕೋ.”

ಶಿಷ್ಯ ಕೂತ. ಗುರುಗಳು ಈ ಕತೆ ಹೇಳಿದರು.

ಪಡುವಣ ಸಮುದ್ರದ ಆಚೆ ಇಟಲಿ ಎಂಬ ದೇಶ. ಐನೂರು ವರ್ಷದ ಹಿಂದಿನ ಮಾತು. ಆ ಕಾಲಕ್ಕೆ ಪುನರುಜ್ಜೀವನ ಎಂದು ದೊಡ್ಡ ಹೆಸರಿಟ್ಟವರು ಆಮೇಲೆ ಹುಟ್ಟಿದವರು. ಅಲ್ಲಿ ಬದುಕುತ್ತಿದ್ದವರಿಗೆ ಅದು ಎಂದಿನ ಸೋಮವಾರ, ಎಂದಿನ ಮಂಗಳವಾರ.

ಅದಕ್ಕೆ ಮೊದಲು ಆ ದೇಶದ ಚಿತ್ರಗಾರರು ಮನುಷ್ಯನನ್ನು ಗೂಟಕ್ಕೆ ನೇತುಹಾಕಿದ ಅಂಗಿಯ ಹಾಗೆ ಬರೆಯುತ್ತಿದ್ದರು. ಬಟ್ಟೆ ಇರುತ್ತಿತ್ತು, ಒಳಗೆ ಯಾರೂ ಇರುತ್ತಿರಲಿಲ್ಲ. ಕಾಲು ನೆಲ ಮುಟ್ಟಿದೆಯೋ ಇಲ್ಲವೋ ಎಂದು ಯಾರೂ ಕೇಳುತ್ತಿರಲಿಲ್ಲ. ಆಮೇಲೆ ಬಂದವರಿಗೆ ಬೇರೆಯೇ ಹುಚ್ಚು ಹಿಡಿಯಿತು. ಬಟ್ಟೆಯ ಒಳಗೆ ಏನಿದೆ, ಚರ್ಮದ ಒಳಗೆ ಏನಿದೆ, ಅದರ ಒಳಗೆ ಏನಿದೆ ಎಂದು ನೋಡಬೇಕೆನಿಸಿತು. ಕೆಲಸದ ಕ್ರಮವನ್ನೇ ಬದಲಾಯಿಸಿಕೊಂಡರು. ಮೊದಲು ಮೂಳೆ ಬರೆ. ಅದರ ಮೇಲೆ ಮಾಂಸ ತುಂಬು. ಅದರ ಮೇಲೆ ಚರ್ಮ ಎಳೆ. ಕೊನೆಗೆ ಬಟ್ಟೆ ತೊಡಿಸು. ಅಡಿಯಿಂದ ಮುಡಿಯವರೆಗೆ ನಿಲುವಂಗಿ ಹೊದ್ದ ಸನ್ಯಾಸಿಯನ್ನು ಬರೆಯಬೇಕಿದ್ದರೂ ಮೊದಲು ಅವನ ಎಲುಬಿನ ಗೂಡು ಬರೆಯುತ್ತಿದ್ದರು. ಯಾರಿಗೂ ಕಾಣಿಸದ ಮೊಣಕಾಲ ಚಿಪ್ಪನ್ನು ಬರೆದು, ಅದರ ಮೇಲೆ ಬಟ್ಟೆ ಬರೆದು ಮುಚ್ಚುತ್ತಿದ್ದರು. ಒಳ್ಳೆಯ ಕ್ರಮ ಅದು. ನಾನು ಅದನ್ನು ಹಳಿಯುವುದಿಲ್ಲ.

ಆದರೆ ಬದುಕಿರುವವನು ತನ್ನ ಮೂಳೆ ತೋರಿಸುತ್ತಾನೆಯೇ? ಅದಕ್ಕೆ ಸತ್ತವರು ಬೇಕಾದರು.

ಅಂಥ ಒಂದು ಊರಿನಲ್ಲಿ ಒಂದು ಪದ್ಧತಿಯಿತ್ತು. ಗಲ್ಲಿಗೆ ಹಾಕಿದವನ ಹೆಣವನ್ನು ಕೇಳಿಕೊಂಡು ಯಾರೂ ಬಾರದಿದ್ದರೆ, ಅದನ್ನು ಚಿತ್ರಗಾರರಿಗೆ ಕೊಡುತ್ತಿದ್ದರು. ಚಳಿಗಾಲದಲ್ಲಿ ಮಾತ್ರ ಕೊಡುತ್ತಿದ್ದರು; ಕಾರಣ ನಾನು ಬಿಡಿಸಿ ಹೇಳಬೇಕಾಗಿಲ್ಲ. ಹೆಣ ತಂದುಕೊಡುವವರು ಕಪ್ಪು ಮುಸುಕು ಹಾಕಿದ ಒಂದು ಧರ್ಮಸಂಘದವರು. ಗಲ್ಲಿಗೆ ಹೋಗುವವನ ಜೊತೆಯಲ್ಲಿ ಕೊನೆಯ ಮೆಟ್ಟಿಲವರೆಗೆ ನಡೆಯುವುದು ಅವರ ವ್ರತ. ಹೆಣ ಕೊಡುವಾಗ ಅವರದು ಒಂದೇ ಕಟ್ಟುಪಾಡು. ಸತ್ತವನ ಮುಖಕ್ಕೆ ಬಿಳಿ ಬಟ್ಟೆ ಸುತ್ತಿ ಕತ್ತಿನ ಹಿಂದೆ ಗಂಟು ಹಾಕಿರುತ್ತಿದ್ದರು. ಅದನ್ನು ಬಿಚ್ಚಬಾರದು. ಮೈ ಬೇಕಾದರೆ ವಿದ್ಯೆಗೆ ಸಲ್ಲಲಿ, ಮುಖ ಮಾತ್ರ ಅವನದ್ದಾಗಿ ಉಳಿಯಲಿ ಎಂಬುದು ಅವರ ಭಾವನೆ. ಚಿತ್ರಗಾರರಿಗೂ ಅದು ಅನುಕೂಲವೇ ಆಗಿತ್ತು. ಮುಖ ಕಂಡರೆ ಚಾಕು ಹಿಡಿದ ಕೈ ನಡುಗುತ್ತದೆ.

ಆ ದೇಶದವರ ಇನ್ನೊಂದು ನಂಬಿಕೆಯನ್ನೂ ಹೇಳಬೇಕು, ಇಲ್ಲದಿದ್ದರೆ ಕತೆ ತಿಳಿಯುವುದಿಲ್ಲ. ನಮ್ಮಲ್ಲಿ ಸುಡುವವರಿದ್ದಾರೆ, ಹೂಳುವವರಿದ್ದಾರೆ. ಇಬ್ಬರೂ ಆಮೇಲೆ ಆ ಮೈಯ ಗೊಡವೆಗೆ ಹೋಗುವುದಿಲ್ಲ. ಅವರು ಹೋಗುತ್ತಾರೆ. ಲೋಕದ ಕೊನೆಯ ದಿನ ದೇವದೂತ ಕಹಳೆ ಊದುತ್ತಾನೆ, ಆಗ ಸತ್ತವರೆಲ್ಲ ತಮ್ಮ ತಮ್ಮ ಮೈಯನ್ನೇ ತೊಟ್ಟು ಮಣ್ಣಿನಿಂದ ಎದ್ದು ಬರುತ್ತಾರೆ ಎಂದು ಅವರು ನಂಬಿದ್ದರು.

ಆ ಊರಿನ ಇಗರ್ಜಿಯವರು, ಅಂದರೆ ಅವರ ದೇವಮಂದಿರದವರು, ಒಬ್ಬ ಚಿತ್ರಗಾರನನ್ನು ಕರೆಸಿ, ಆ ಕೊನೆಯ ದಿನವನ್ನೇ ದೊಡ್ಡ ಗೋಡೆಯ ಮೇಲೆ ಬರೆದುಕೊಡು ಎಂದರು. ಚಿತ್ರಗಾರ ಒಪ್ಪಿದ. ಅವನದು ಪಳಗಿದ ಕೈ. ಅಹಂಕಾರಿಯಲ್ಲ, ದುಷ್ಟನೂ ಅಲ್ಲ. ಕೆಲಸ ಒಂದು ಬಿಟ್ಟು ಬೇರೇನೂ ಅವನ ಕಣ್ಣಿಗೆ ಬೀಳುತ್ತಿರಲಿಲ್ಲ, ಅಷ್ಟೆ.

ಆ ಚಳಿಗಾಲದಲ್ಲಿ ಅವನಿಗೆ ಒಂದು ಹೆಣ ಸಿಕ್ಕಿತು. ಪ್ರಾಯದವನು. ಕಲ್ಲುಗಣಿಯಲ್ಲಿ ದುಡಿದ ಮೈ. ಅವನು ಯಾರು, ಏನು ಮಾಡಿದ್ದ, ನಿಜವಾಗಿ ಮಾಡಿದ್ದನೋ ಇಲ್ಲವೋ ಎಂದು ಚಿತ್ರಗಾರ ಕೇಳಲಿಲ್ಲ. ಮುಸುಕಿನವರು ಆಚೆ ಹೋಗುವುದನ್ನೇ ಕಾದು ಕೆಲಸ ಶುರುಮಾಡಿದ. ಇಂಥ ಮೈ ಮತ್ತೆ ಸಿಗುವುದಿಲ್ಲವೆಂದು ಅವನಿಗೆ ಮೊದಲ ನೋಟಕ್ಕೇ ಗೊತ್ತಾಯಿತು. ತೋಳು ಬರೆದ, ಬೆನ್ನು ಬರೆದ, ಪಾದ ಬರೆದ, ಕತ್ತು ಬರೆದ. ಚರ್ಮ ಬಿಡಿಸಿ ಬರೆದ, ಮಾಂಸ ಬಿಡಿಸಿ ಬರೆದ. ಬೆರಳು ಮಡಚಿದರೆ ಮುಂಗೈಯಲ್ಲಿ ಯಾವ ಸ್ನಾಯುವಿನ ತಂತಿ ಎಳೆಯುತ್ತದೆ ಎಂದು ಎಳೆದೆಳೆದು ನೋಡಿ ಬರೆದ. ಬಿಳಿ ಬಟ್ಟೆ ಸುತ್ತಿದ ತಲೆ ಅವನ ಮೊಣಕೈಗೆ ತಾಗುವಷ್ಟು ಹತ್ತಿರವೇ ಇತ್ತು. ಅಡ್ಡಬಂದಾಗ ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸುತ್ತಿದ್ದ.

ಕೆಲಸ ಮುಗಿದ ಮೇಲೆ ಮುಸುಕಿನವರು ಬಂದು ಉಳಿದುದನ್ನು ಒಯ್ದು ಗಲ್ಲಿನವರ ಗುಂಡಿಯಲ್ಲಿ ಹಾಕಿದರು. ಅಲ್ಲಿ ಯಾರದ್ದು ಯಾವುದು ಎಂಬ ಗುರುತು ಇರುವುದಿಲ್ಲ.

ಚಳಿ ಕಳೆಯಿತು. ಚಿತ್ರಗಾರ ಹತ್ತಿ ನಿಂತು ಬರೆಯಲು ಗೋಡೆಗೆ ಸಾರುವೆ ಕಟ್ಟಿಸಿದ. ಆ ದೇಶದ ಚಿತ್ರಗಾರರು ಗೋಡೆಯಲ್ಲಿ ಬರೆಯುವುದು ಹಸಿ ಗಾರೆಯ ಮೇಲೆ. ಆ ದಿನ ಎಷ್ಟು ಬರೆಯಲು ಆಗುತ್ತದೋ ಅಷ್ಟೇ ಅಗಲಕ್ಕೆ ಬೆಳಿಗ್ಗೆ ಗಾರೆ ಮೆತ್ತುತ್ತಾರೆ. ಅದು ಒಣಗುವುದರೊಳಗೆ ಬರೆದು ಮುಗಿಸಬೇಕು. ಬಣ್ಣ ಗಾರೆಯೊಳಗೆ ಇಳಿದು ಗೋಡೆಯೇ ಆಗಿಬಿಡುತ್ತದೆ. ತಪ್ಪಿದರೆ ಅಷ್ಟನ್ನೂ ಕೆರೆದು ಹಾಕಿ ಮರುದಿನ ಮತ್ತೆ ಮೆತ್ತಬೇಕು. ಹೀಗೆ ದಿನದಿನದ ತೇಪೆ ಸೇರಿ ದೊಡ್ಡ ಚಿತ್ರವಾಗುತ್ತದೆ.

ಗೋಡೆಯ ತುಂಬ ಜನ ಬೇಕಾಗಿತ್ತು. ಮೇಲೆ ಕಹಳೆ ಊದುವ ದೇವದೂತ. ಒಂದು ಕಡೆ ಸಂತ. ನಡುವೆ ಮಣ್ಣಿನಿಂದ ಬೆನ್ನು ತೋರಿಸಿ ಏಳುತ್ತಿರುವ ರಾಜ. ಕೆಳಗೆ ಪಾಪಿಗಳು. ಚಿತ್ರಗಾರನ ಬಳಿ ಇದ್ದದ್ದು ಒಂದೇ ಮೈ. ಅದನ್ನೇ ಹಂಚಿದ. ಸತ್ತವನ ತೋಳನ್ನು ದೇವದೂತನಿಗೆ ಕೊಟ್ಟ. ಪಾದವನ್ನು ಸಂತನಿಗೆ ಕೊಟ್ಟ. ಬೆನ್ನನ್ನು ರಾಜನಿಗೆ, ಕತ್ತನ್ನು ಪಾಪಿಗೆ. ಅವರ ಉಳಿದ ಮೈಯನ್ನು ಊಹೆಯಿಂದ ತುಂಬಿದ. ಮುಖಗಳನ್ನು ಊರಿನ ದೊಡ್ಡಮನುಷ್ಯರಿಂದ ತೆಗೆದುಕೊಂಡ. ಅವರಿಗೂ ತಮ್ಮ ಮುಖ ಇಗರ್ಜಿಯ ಗೋಡೆಯ ಮೇಲೆ ಇರಬೇಕೆಂಬ ಆಸೆ ಇದ್ದೇ ಇತ್ತು. ಬಂದವರೆಲ್ಲ ನೋಡಿ ಬೆರಗಾದರು. ಇವರು ಉಸಿರಾಡುತ್ತಿದ್ದಾರೆ ಎಂದರು. ಹಾಗೆ ಹೇಳಿದವರು ಗೋಡೆಯಿಂದ ಸ್ವಲ್ಪ ಹಿಂದೆ ಸರಿದೇ ನಿಲ್ಲುತ್ತಿದ್ದರು.

ಒಂದು ದಿನ ಬೆಟ್ಟದ ಕಡೆಯ ಒಬ್ಬ ಹೆಂಗಸು ಇಗರ್ಜಿಗೆ ಬಂದಳು. ಸತ್ತವನ ತಾಯಿ. ಅವಳ ಹಳ್ಳಿಗೆ ಸುದ್ದಿ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಸಾರುವೆಯ ಕೆಳಗೆ ನಿಂತು ಕರೆದಳು.

“ನನ್ ಮಗ ನಿಮ್ಮ ಮನೇಲಿದ್ದನಂತೆ, ಯಜಮಾನ್ರೇ. ಮುಸುಕಿನವರು ಹೇಳಿದರು. ನೆಂಚೊ ಅಂತ ಅವನ ಹೆಸರು.”

ಚಿತ್ರಗಾರನಿಗೆ ಆ ಹೆಸರು ಆಗಲೇ ಗೊತ್ತಾದದ್ದು. ಕೆಳಗಿಳಿದು ಬಂದ. ಅವಳು ಎದೆ ಬಡಿದುಕೊಂಡು ಅಳುತ್ತಾಳೆಂದು ಅಂಜಿದ್ದ. ಅವಳು ಅಳಲಿಲ್ಲ.

“ಗುಂಡಿ ನೋಡ್ಕೊಂಡು ಬಂದೆ. ಅಲ್ಲಿ ಎಲ್ಲಾರೂ ಒಟ್ಟಿಗೇ ಇದಾರೆ. ನಾನು ಯಾವ ಕಡೆ ಮುಖ ಮಾಡ್ಕೊಂಡು ಅವನ್ನ ಕರೀಲಿ? ನಿಮ್ಮ ಗೋಡೆ ಮೇಲೆ ಅವನಿದಾನೆ ಅಂದರು. ತೋರಿಸಿ. ಒಂದು ಸಲ ಹೆಸರು ಹಿಡಿದು ಕರೆದು ಹೋಗ್ತೀನಿ.”

“ಗೋಡೆ ತುಂಬ ಅವನೇ ಇದ್ದಾನೆ, ತಾಯಿ” ಎಂದ ಚಿತ್ರಗಾರ. ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು. ಅವನಿಗೆ ಅದರಲ್ಲಿ ಹೆಮ್ಮೆಯಿತ್ತು.

ಅವಳು ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಮುಖಗಳನ್ನು ನೋಡುತ್ತಾ ಹೋದಳು. “ಇವರಲ್ಲಿ ಅವನಿಲ್ಲ” ಎಂದಳು. ಇನ್ನೇನು ಹೊರಡಬೇಕು, ಸಂತನ ಪಾದದ ಮುಂದೆ ನಿಂತುಬಿಟ್ಟಳು. ಬಗ್ಗಿ ನೋಡಿದಳು. ಬೆರಳು ಚಾಚಿ ಮುಟ್ಟಿದಳು.

“ಇದು ನೆಂಚೊನ ಕಾಲು.”

ಅಲ್ಲಿಂದ ಅವಳು ಮುಖ ನೋಡುವುದನ್ನು ಬಿಟ್ಟಳು. ರಾಜನ ಬೆನ್ನಿನ ಹತ್ತಿರ ಹೋದಳು. ಕಲ್ಲು ಹೊತ್ತು ಹೊತ್ತು ಒಂದು ಹೆಗಲು ತಗ್ಗಿತ್ತು. ಆ ತಗ್ಗನ್ನು ಚಿತ್ರಗಾರ ಇದ್ದ ಹಾಗೇ ಬರೆದಿದ್ದ. ಅವಳು ಅದರ ಮೇಲೆ ಅಂಗೈ ಇಟ್ಟಳು. ತಲೆಯೆತ್ತಿ ದೇವದೂತನ ತೋಳು ನೋಡಿದಳು. ಪಾಪಿಯ ಕತ್ತು ನೋಡಿದಾಗ ಮಾತ್ರ ಕಣ್ಣು ಮುಚ್ಚಿಕೊಂಡಳು. ಅವನು ನೇಣಿಗೆ ಹೋದದ್ದು ಅವಳಿಗೆ ಗೊತ್ತಿತ್ತಲ್ಲ.

“ಕಹಳೆ ಊದಿದ ದಿನ ಇವರೆಲ್ಲ ಏಳ್ತಾರಲ್ಲ ಯಜಮಾನ್ರೇ, ಆಗ ನನ್ ಮಗ ಏನು ತೊಟ್ಕೊಂಡು ಏಳಬೇಕು? ನನ್ನ ಕಾಲು ಕೊಡಪ್ಪಾ ಅಂದ್ರೆ ಈ ಸಂತ ಕೊಡ್ತಾನಾ?”

ಚಿತ್ರಗಾರ ನಕ್ಕ. “ಇದು ಸುಣ್ಣ ಬಣ್ಣ, ತಾಯಿ.”

“ನೀವೇ ಅಂದ್ರಲ್ಲ, ಅವನೇ ಇದಾನೆ ಅಂತ.”

ನೀನು ನಗಬೇಡ, ಸೋಮ. ಚಿತ್ರಗಾರನ ನಗುವೂ ಅಲ್ಲಿಗೇ ನಿಂತಿತು.

ಅವಳು ಊರಿಗೆ ಹಿಂದಿರುಗಲಿಲ್ಲ. ದಿನವೂ ಇಗರ್ಜಿಗೆ ಬಂದಳು. ಸಂತನ ಪಾದದ ಮೇಲೆ ಕೈಯಿಟ್ಟು “ನೆಂಚೊ” ಎಂದು ಕರೆಯುವಳು. ಕರೆದು ಸುಮ್ಮನೆ ನಿಲ್ಲುವಳು, ಬಾಗಿಲಲ್ಲಿ ನಿಂತು ಒಳಗಿನವರನ್ನು ಕರೆದವರು ಓಗೊಡುವುದನ್ನು ಕಾಯುತ್ತಾರಲ್ಲ, ಹಾಗೆ. ಉತ್ತರ ಬರುತ್ತಿರಲಿಲ್ಲ. ಬೆನ್ನಿನ ಬಳಿ ಹೋಗಿ ಕರೆಯುವಳು. ಕಾಯುವಳು. ತಲೆಯೆತ್ತಿ ತೋಳನ್ನು ಕರೆಯುವಳು. ಅವಳ ದನಿ ದೊಡ್ಡದಲ್ಲ. ಆದರೂ ಮೇಲೆ ಕೆಲಸ ಮಾಡುತ್ತಿದ್ದ ಚಿತ್ರಗಾರನಿಗೆ ಪ್ರತಿಯೊಂದು ಕೂಗೂ ಕೇಳಿಸುತ್ತಿತ್ತು. ಕೂಗಿಗಿಂತ ಆಮೇಲಿನ ಕಾಯುವಿಕೆ ಅವನಿಗೆ ಹೆಚ್ಚು ಕಷ್ಟವಾಗುತ್ತಿತ್ತು.

ಆಮೇಲೆ ಗೋಡೆ ಬಿರುಕು ಬಿಡಲು ಶುರುವಾಯಿತು.

ಕೂದಲೆಳೆಯಷ್ಟು ಸಣ್ಣ ಬಿರುಕು. ಗಾರೆಯವನನ್ನು ಕರೆಸಿದರು. ಸುಣ್ಣ ಸರಿಯಾಗಿ ಅರಳಿಲ್ಲ, ಗೋಡೆ ತೇವ ಕುಡಿದಿದೆ ಎಂದು ಹೇಳಿ ಅವನು ತುಂಬಿ ಹೋದ. ಬಿರುಕು ಮತ್ತೆ ಬಂತು. ತೇಪೆ ತೇಪೆ ಸೇರುವ ಗೆರೆಯಲ್ಲಿ ಬಂದಿದ್ದರೆ ಚಿತ್ರಗಾರ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅದು ಆ ಗೆರೆಗಳನ್ನು ದಾಟಿಕೊಂಡು ಬೇರೆಯದೇ ದಾರಿಯಲ್ಲಿ ಹೋಗಿತ್ತು. ದೇವದೂತನ ಹೆಗಲಿನ ಸುತ್ತ ಒಂದು. ಸಂತನ ಎರಡೂ ಕಾಲಿನ ಹರಡುಗಳ ಸುತ್ತ. ರಾಜನ ಬೆನ್ನಿನ ಅಂಚಿನುದ್ದಕ್ಕೂ. ಸತ್ತವನ ಮೈ ಎಲ್ಲಿ ಮುಗಿದು ಬೇರೆಯವರ ಮೈ ಶುರುವಾಗುತ್ತಿತ್ತೋ ಸರಿಯಾಗಿ ಅಲ್ಲಿ. ಆ ಜಾಗಗಳು ಗೊತ್ತಿದ್ದದ್ದು ಚಿತ್ರಗಾರ ಒಬ್ಬನಿಗೆ.

ಪ್ರಾರ್ಥನೆಗೆ ಬರುವವರಿಗೂ ಏನೋ ಇರಿಸುಮುರಿಸು. ಸಂತನ ಪಾದದ ಬಳಿ ಮೇಣದ ಬತ್ತಿ ಹಚ್ಚಿಟ್ಟ ಒಬ್ಬಾಕೆ ಅದನ್ನು ಎತ್ತಿಕೊಂಡು ಬೇರೆ ಕಡೆ ಇಟ್ಟಳು. ಪಾದ್ರಿ ಕಾರಣ ಕೇಳಿದರು. “ಯಾರದೋ ಮನೆ ಬಾಗಿಲಿಗೆ ಗೊತ್ತಿಲ್ಲದೆ ಬಂದ ಹಾಗೆ ಆಯಿತು” ಎಂದಳು.

ಇದಕ್ಕಿಂತ ದೊಡ್ಡ ಆಪತ್ತು ಚಿತ್ರಗಾರನ ಮನೆಯಲ್ಲೇ ಕಾದಿತ್ತು. ಮಧ್ಯಾಹ್ನ ಊಟಕ್ಕೆ ಕೂತಿದ್ದ. ಹೆಂಡತಿ ರೊಟ್ಟಿ ಕೊಡಲು ಕೈ ಚಾಚಿದಳು. ಮಣಿಕಟ್ಟಿನಲ್ಲಿ ಮೂಳೆ ಹೊರಳಿದ್ದು ಕಂಡಿತು, ಅದರ ಮೇಲಿನ ತಂತಿ ಎಳೆದದ್ದು ಕಂಡಿತು. ತಲೆಯೆತ್ತಿ ಅವಳ ಮುಖ ನೋಡಿದ. ಮುಖ ಇರಲಿಲ್ಲ. ಬಿಳಿ ಬಟ್ಟೆ ಸುತ್ತಿಟ್ಟ ಹಾಗೆ ಬರಿದಾಗಿತ್ತು. ಆ ಬಟ್ಟೆಯೊಳಗಿಂದ ಅವಳು, “ಯಾಕೆ, ರೊಟ್ಟಿ ಬೇಡವೇ?” ಎಂದು ಕೇಳಿದಳು.

ಅವನು ಎದ್ದು ಬೀದಿಗೆ ಬಂದ. ನಡುಹಗಲು, ಸಂತೆಯ ದಿನ. ಕತ್ತುಗಳು ಹೋಗುತ್ತಿದ್ದವು, ಬೆನ್ನುಗಳು ಹೋಗುತ್ತಿದ್ದವು. ಪ್ರತಿಯೊಂದು ಹೆಜ್ಜೆಗೂ ಯಾವ ಸ್ನಾಯು ಬಿಗಿಯುತ್ತದೆ, ಯಾವುದು ಸಡಿಲುತ್ತದೆ ಎಂದು ಅವನು ಹೇಳಬಲ್ಲವನಾಗಿದ್ದ. ಆದರೆ ಯಾರಿಗೂ ಮುಖವಿರಲಿಲ್ಲ. ಗೆಳೆಯರು ಹೆಸರು ಹಿಡಿದು ಮಾತನಾಡಿಸಿದರು. ಯಾರು ಯಾರೆಂದು ಅವನಿಗೆ ತಿಳಿಯಲಿಲ್ಲ. ಓಡಿಕೊಂಡು ಇಗರ್ಜಿಗೆ ಬಂದ.

ತಾಯಿ ಅಲ್ಲೇ ಇದ್ದಳು. ಅವಳ ಮುಖವೂ ಅವನಿಗೆ ಕಾಣಲಿಲ್ಲ.

“ತಾಯಿ, ನಿಮ್ಮ ಮಗನನ್ನು ಒಂದು ಕಡೆ ಕೂಡಿಸಿಕೊಡುತ್ತೇನೆ. ಇವತ್ತೇ ಶುರುಮಾಡುತ್ತೇನೆ” ಎಂದ.

ಗೋಡೆಯ ಕೆಳಮೂಲೆಯಲ್ಲಿ ಒಬ್ಬ ಮನುಷ್ಯನಿಗೆ ಆಗುವಷ್ಟು ಜಾಗ ಉಳಿದಿತ್ತು. ಅಲ್ಲಿ ಗಾರೆ ಮೆತ್ತಿಸಿದ. ಹಳೆಯ ರೇಖಾಚಿತ್ರಗಳನ್ನು ತೆಗೆದು ನೋಡಲೂ ಇಲ್ಲ. ಮೊದಲು ಮೂಳೆ ಬರೆದ. ತಾಯಿ ಆ ಕಡೆ ತಿರುಗಿ ಕೂತಳು. ಮಾಂಸ ತುಂಬಿದ. ಅವಳು ತಿರುಗಲಿಲ್ಲ. ಚರ್ಮ ಎಳೆದ. ಆಗ ಅವಳು ಎದ್ದು ಹತ್ತಿರ ಬಂದಳು. ಮಣ್ಣಿನಿಂದ ಅರ್ಧ ಎದ್ದ ಪ್ರಾಯದವನು. ಒಂದು ಅಂಗೈಯನ್ನು ನೆಲಕ್ಕೆ ಊರಿದ್ದ, ಒಂದು ಮೊಣಕಾಲನ್ನು ಮೇಲೆ ತಂದಿದ್ದ. ತಾಯಿ ಅವನ ತಗ್ಗಿದ ಹೆಗಲು ನೋಡಿದಳು. ಅವಳ ಉಸಿರು ಸರಾಗವಾಯಿತು.

ಮುಖ ಒಂದು ಉಳಿಯಿತು.

“ಹೇಗಿದ್ದ, ಹೇಳಿ ತಾಯಿ.”

“ನಗುವಾಗ ಎಡಗಣ್ಣು ಮೊದಲು ಮುಚ್ತಿತ್ತು” ಎಂದಳು. “ಸುಳ್ಳು ಹೇಳುವಾಗ ತುಟಿ ಒಣಗ್ತಿತ್ತು. ಹಸಿವಾದರೆ ಹುಬ್ಬು ಗಂಟು ಹಾಕೋನು.”

ಇದನ್ನು ಕೇಳಿ ಬರೆಯುವುದು ಹೇಗೆ? ಚಿತ್ರಗಾರ ಬರೆದ. ತಾಯಿ ನೋಡಿದಳು. “ಇವನು ಯಾರೋ ಬೇರೆ ತಾಯಿ ಮಗ” ಎಂದಳು. ಗಾರೆ ಒಣಗುವ ಮುಂಚೆ ಕೆರೆದು ಹಾಕಿದ. ಮರುದಿನ ಮತ್ತೆ ಮೆತ್ತಿಸಿದ, ಮತ್ತೆ ಬರೆದ. ಮತ್ತೆ ಬೇರೆ ತಾಯಿಯ ಮಗ. ದಿನಗಳು ಹೋದವು. ಅವನು ಬರೆದ ಮುಖಗಳಲ್ಲಿ ಒಂದರಲ್ಲೂ ತಪ್ಪಿರಲಿಲ್ಲ. ಕಣ್ಣು ಕಣ್ಣಿನ ಜಾಗದಲ್ಲಿತ್ತು, ದವಡೆ ದವಡೆಯ ಜಾಗದಲ್ಲಿತ್ತು. ಕೆರೆದ ಮುಖಗಳ ಪುಡಿ ಗೋಡೆಯ ಬುಡದಲ್ಲಿ ರಾಶಿಯಾಯಿತು. ಗುಡಿಸಲು ಬಂದ ಆಳು ಅದನ್ನು ಮುಟ್ಟಲು ಒಪ್ಪಲಿಲ್ಲ. ಅದು ಬೆಚ್ಚಗಿದೆ ಎಂದ.

ಒಂದು ಬೆಳಿಗ್ಗೆ ಹೊಸ ಗಾರೆ ಮೆತ್ತಿ ಆಗಿತ್ತು. ಚಿತ್ರಗಾರ ಕುಂಚ ಹಿಡಿದು ನಿಂತೇ ಇದ್ದ. ಕೈ ಏಳಲಿಲ್ಲ.

“ನನಗೆ ಅವನ ಮುಖ ಗೊತ್ತಿಲ್ಲ, ತಾಯಿ. ನಾನು ನೋಡಲೇ ಇಲ್ಲ.”

“ಅಷ್ಟು ದಿನ ನಿಮ್ಮ ಮನೇಲಿದ್ದ. ಒಂದು ಸಲಾನೂ ಮುಖ ನೋಡಲಿಲ್ವಾ?”

“ಬಟ್ಟೆ ಬಿಚ್ಚಬಾರದು ಅನ್ನುವುದು ಪದ್ಧತಿ.”

ಅದು ನಿಜವೇ. ಪದ್ಧತಿ ಕೆಟ್ಟದ್ದೂ ಅಲ್ಲ. ಆದರೆ ತನಗೆ ನೋಡಬೇಕು ಎಂದು ಒಂದು ಸಲವೂ ಅನಿಸಿರಲಿಲ್ಲವೆಂಬುದು ಚಿತ್ರಗಾರನಿಗೆ ಆಗ ಹೊಳೆಯಿತು. ಆಸೆಯಾಗಿ ತಡೆದುಕೊಂಡಿದ್ದರೆ ಅದು ಬೇರೆ ಮಾತು. ಅವನಿಗೆ ಆಸೆಯೇ ಆಗಿರಲಿಲ್ಲ. ಕುಂಚ ಕೆಳಗಿಟ್ಟು, ಗಾರೆಯ ಮರಿಗೆಯ ಅಂಚಿನ ಮೇಲೆ ಕುಸಿದು ಕೂತು ಅತ್ತ. ನಾಚಿಕೆಗೆ ಅತ್ತನೋ ಹೆದರಿಕೆಗೆ ಅತ್ತನೋ, ಎರಡೂ ಇತ್ತೆಂದು ಇಟ್ಟುಕೋ.

ತಾಯಿ ಅವನನ್ನು ಬೈಯಲಿಲ್ಲ, ಸಂತೈಸಲೂ ಇಲ್ಲ. ಬಾನಿಯ ನೀರಿನಲ್ಲಿ ಎರಡೂ ಕೈ ಅದ್ದಿದಳು. ಗೋಡೆಯ ಹತ್ತಿರ ಹೋಗಿ ಕಣ್ಣು ಮುಚ್ಚಿಕೊಂಡಳು. ಮುಖ ಇರಬೇಕಾದ ಹಸಿ ಗಾರೆಯ ಮೇಲೆ ಅಂಗೈಗಳನ್ನು ಇಟ್ಟಳು. ಎಳೆಮಗುವಿಗೆ ಮುಖ ತೊಳೆಯುವಾಗ ಕೈ ಹೋಗುವ ದಾರಿಯಲ್ಲೇ ಅವಳ ಕೈ ಹೋಯಿತು. ಹಣೆ, ಹುಬ್ಬು, ಮೂಗಿನ ಏಣು, ಕೆನ್ನೆ, ಗಲ್ಲ. ಒಮ್ಮೆ ಇಳಿಸಿದಳು, ಇನ್ನೊಮ್ಮೆ ಇಳಿಸಿದಳು. ಆಮೇಲೆ ಕೈ ತೆಗೆದು ಕಣ್ಣು ಬಿಟ್ಟಳು.

“ಹೂಂ. ಇವನೇ” ಎಂದಳು.

ಚಿತ್ರಗಾರ ಎದ್ದು ನೋಡಿದ. ಬಣ್ಣವಿಲ್ಲ, ಗೆರೆಯಿಲ್ಲ. ಗಾರೆಯಲ್ಲಿ ನಾಲ್ಕು ತಗ್ಗು, ನಾಲ್ಕು ಉಬ್ಬು. ಕಿಟಕಿಯ ಬೆಳಕು ಬೀಳಲೆಂದು ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಆಗ ಗೋಡೆಯಿಂದ ಒಬ್ಬನು ಅವನನ್ನು ನೋಡಿದ. ಅವನ ಗುರುತಿದ್ದವನು ನೋಡಿದ ಹಾಗೆ ನೋಡಿದ. ಗುರುತು ಇರದೆ ಏನು? ಒಂದು ಬಟ್ಟೆಯ ಮರೆಯಲ್ಲಿ ಅಷ್ಟು ದಿನ ಒಟ್ಟಿಗೆ ಇದ್ದವರು. ಚಿತ್ರಗಾರನಿಗೆ ಆ ನೋಟ ತಡೆಯಲು ಆಗಲಿಲ್ಲ. ಮುಖ ತಿರುಗಿಸಿಕೊಂಡ. ತಿರುಗಿದ ಕಡೆ ತಾಯಿ ನಿಂತಿದ್ದಳು. ಅವಳ ಮುಖ ಅವನಿಗೆ ಕಾಣಿಸಿತು. ಸುಕ್ಕುಗಟ್ಟಿದ, ದಣಿದ, ಒಬ್ಬ ಹೆಂಗಸಿನ ಮುಖ. ಎಷ್ಟೋ ದಿನಗಳ ಮೇಲೆ ಅವನು ಕಂಡ ಮೊದಲ ಮುಖ ಅದು.

ತಾಯಿ ಗೋಡೆಯ ಕಡೆ ತಿರುಗಿ, “ನೆಂಚೊ” ಎಂದು ಒಂದೇ ಸಲ ಕರೆದಳು. ಈ ಸಲ ಅವಳು ಕಾಯಲಿಲ್ಲ. ತಲೆಯಾಡಿಸಿ ಶಾಲು ಹೊದ್ದುಕೊಂಡು ಹೊರಟಳು. ಚಿತ್ರಗಾರನಿಗೆ ಏನೂ ಕೇಳಿಸಿರಲಿಲ್ಲ. ನಿಮಗೆ ಕೇಳಿಸಿತೇ ಎಂದು ಅವಳನ್ನು ಕೇಳಬೇಕೆಂದಿದ್ದ, ಧೈರ್ಯ ಸಾಲಲಿಲ್ಲ. ಅವಳು ಬೆಟ್ಟದ ದಾರಿ ಹಿಡಿದು ಹೋದಳು.

ಮರುದಿನ ಬೆಳಿಗ್ಗೆ ಪಾದ್ರಿ ಹೇಳಿಕಳುಹಿಸಿದರು. ಚಿತ್ರಗಾರ ಬಂದು ನೋಡಿದ. ಗಾರೆ ಉದುರಿ ನೆಲದ ಮೇಲೆ ಬಿದ್ದಿತ್ತು. ದೇವದೂತನಿಗೆ ತೋಳಿಲ್ಲ, ಹಿಡಿದವರಿಲ್ಲದೆ ಕಹಳೆ ಅವನ ಬಾಯಿಯ ಮುಂದೆ ಹಾಗೇ ನಿಂತಿತ್ತು. ಸಂತನಿಗೆ ಪಾದಗಳಿಲ್ಲ. ರಾಜನ ಬೆನ್ನಿದ್ದ ಕಡೆ ಗೋಡೆಯ ಕಲ್ಲು ಕಾಣುತ್ತಿತ್ತು. ಪಾಪಿಯ ತಲೆಗೂ ಎದೆಗೂ ನಡುವೆ ಬರೀ ಖಾಲಿ. ಉಳಿದ ಚಿತ್ರಕ್ಕೆ ಒಂದು ಚೂರೂ ಪೆಟ್ಟಾಗಿರಲಿಲ್ಲ. ಬಿದ್ದ ಹೆಂಟೆಗಳನ್ನು ಎತ್ತಿ ತಿರುಗಿಸಿ ನೋಡಿದರು. ಅವುಗಳಲ್ಲಿ ಬಣ್ಣವೇ ಇರಲಿಲ್ಲ, ಬಿಳಿ ಸುಣ್ಣ ಮಾತ್ರ. ಕೆಳಮೂಲೆಯಲ್ಲಿದ್ದವನು ಒಬ್ಬನೇ ಇಡಿಯಾಗಿ ಉಳಿದಿದ್ದ.

ಇಗರ್ಜಿಯ ಹಿರಿಯರು ಕೂಗಾಡಿದರು. ಸಂತನಿಗೆ ಕಾಲು ಬರೆ, ದೇವದೂತನಿಗೆ ತೋಳು ಬರೆ ಎಂದರು. ಚಿತ್ರಗಾರ, “ಅದು ಅವರದ್ದಲ್ಲ” ಎಂದು ಹೇಳಿ ತನ್ನ ಕುಂಚಗಳನ್ನು ತೊಳೆದುಕೊಂಡು ಮನೆಗೆ ಹೋದ. ಮನೆಯಲ್ಲಿ ಹೆಂಡತಿಯ ಮುಖವನ್ನು ಬಹಳ ಹೊತ್ತು ನೋಡಿದನಂತೆ. ಅವಳು ಹೆದರಿದಳಂತೆ. ಹಿರಿಯರು ಬೇರೆ ಊರಿನ ಚಿತ್ರಗಾರರನ್ನು ಕರೆಸಿದರು. ಅವರು ಬೇರೆ ಬೇರೆ ತೋಳು, ಬೇರೆ ಬೇರೆ ಪಾದ ಬರೆದರು. ಗಾರೆ ಒಂದನ್ನೂ ಹಿಡಿದುಕೊಳ್ಳಲಿಲ್ಲ. ಆಮೇಲೆ ಗೋಡೆಯನ್ನು ಹಾಗೇ ಬಿಟ್ಟುಬಿಟ್ಟರು. ಆ ಚಿತ್ರಗಾರ ಮುಂದೆ ಏನು ಬರೆದ, ಬರೆದನೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳಬೇಡ.

ಗುರುಗಳು ಕತೆ ನಿಲ್ಲಿಸಿದರು.

ಸೋಮಾಚಾರಿಗೆ ಕತೆಯ ಒಂದು ಮಾತು ಒಪ್ಪಿಗೆಯಾಗಿರಲಿಲ್ಲ.

“ಗುರುಗಳೇ, ಗೋಡೆ ಬಿರಿದದ್ದನ್ನು ಬೇಕಾದರೆ ನಂಬುತ್ತೇನೆ. ಆದರೆ ಮುಖವಿಲ್ಲದೆ ಒಂದು ಪಾದ ನೋಡಿ ಇಂಥವನದ್ದು ಎನ್ನುವುದು ಆಗುವ ಮಾತೇ? ಎಲ್ಲರ ಪಾದದಲ್ಲೂ ಇರುವ ಮೂಳೆ ಅವೇ ಅಲ್ಲವೇ?”

ಗುರುಗಳು ಅವನ ಚಿತ್ರವನ್ನು ಮಡಚಿ ಅವನ ಕೈಗೆ ಕೊಟ್ಟು ಕೇಳಿದರು:

“ಸೋಮ, ನಿನ್ನ ಪಾದವೊಂದೇ ಗೋಡೆಯ ಮೇಲೆ ಉಳಿದರೆ, ಇದು ನಮ್ಮ ಸೋಮನದ್ದು ಎನ್ನಲು ಈ ಲೋಕದಲ್ಲಿ ಯಾರಿದ್ದಾರೆ?”